ಸಾಧಾರಣ ಅಂಕ, ನ್ಯಾಯದ ಹಾದಿ



ಪಿಯುಸಿಯಲ್ಲಿ ಶೇ. 50 ಅಂಕ ಪಡೆದ ಮಗನನ್ನು ಅಂಗಡಿಯಲ್ಲಿ ಕೂರಿಸಿ, ಮಗಳ ಓದನ್ನು ನಿಲ್ಲಿಸಿಬಿಡುವ ನಾವೇ, ನಾಳೆ ವಕ್ಫ್ ಜಮೀನಿನ ದಾವೆ ಎದುರಾದಾಗ ಸಮುದಾಯದಲ್ಲಿ ವಕೀಲರಿಲ್ಲವೆಂದು ಕೊರಗುತ್ತೇವೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳನ್ವಯ ಕಾನೂನು ಪದವಿಗೆ ಅರ್ಜಿ ಸಲ್ಲಿಸಲು ಸಾಮಾನ್ಯ ವರ್ಗದವರಿಗೂ ಶೇ. 45 ಅಂಕ ಸಾಕು. ಪಿಯುಸಿಯ ನಂತರ 5 ವರ್ಷ, ಪದವಿಯ ನಂತರ 3 ವರ್ಷದ ಓದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ 5 ವರ್ಷದ ಪದವಿಗೂ ಸೀಟು ನಿರ್ಧರಿಸುವುದು ಕ್ಲಾಟ್ ಪ್ರವೇಶ ಪರೀಕ್ಷೆಯೇ ಹೊರತು ಪಿಯುಸಿ ಅಂಕಪಟ್ಟಿಯಲ್ಲ.

ಒಂದು ಎಚ್ಚರಿಕೆ: ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪಡೆದ ಪದವಿ ಇಲ್ಲಿ ಸಲ್ಲದು. ಆದ್ದರಿಂದ ಮದ್ರಸದಲ್ಲಿ ಓದುವ ಮಕ್ಕಳೂ ಪಿಯುಸಿ ಮುಗಿಸಿರಲಿ.

ನ್ಯಾಯದ ಪರ ದೃಢವಾಗಿ ನಿಲ್ಲಬೇಕೆಂಬುದು ಕುರ್‌ಆನಿನ ಆದೇಶ. ಸಾಧಾರಣ ಅಂಕಗಳು ಅದಕ್ಕೆ ನೆಪವಾಗದಿರಲಿ.