ನಗೆಯ ಚಿತ್ರ, ಮಾಯೆಯ ಚಿತ್ರ



ಚಲಚ್ಚಿತ್ರಗಳ ವಿಷಯದಲ್ಲಿ ನಾವು ಪಂಡಿತರಲ್ಲ. ಕಾಲೇಜಿನ ಪಾಠಪ್ರವಚನಗಳ ನಡುವೆ ಬಿಡುವು ದೊರೆತಾಗ ನೋಡಿದವರು, ಅಷ್ಟೆ. ಆದರೂ ನಗೆಯ ಚಿತ್ರಗಳನ್ನೂ, ಮನೆಮಂದಿಯೆಲ್ಲ ಕೂಡಿ ನೋಡುವ ಮಾಯಾಮಂತ್ರದ ಚಿತ್ರಗಳನ್ನೂ ವಿದ್ಯಾವಂತರು ಅನಾದರದಿಂದ ಕಾಣುವುದನ್ನು ನೋಡಿ ಎರಡು ಮಾತು ಆಡಬೇಕೆನಿಸಿದೆ. ಷೇಕ್ಸ್‌ಪಿಯರನ ನಾಟಕದಲ್ಲಿ ನೇಕಾರನ ಹೆಗಲ ಮೇಲೆ ಕತ್ತೆಯ ತಲೆ ಮೂಡಿದರೆ ತಲೆದೂಗುವವರು, ಕನ್ನಡ ಚಿತ್ರದಲ್ಲಿ ನಾಗಕನ್ಯೆಯೊಬ್ಬಳು ಕಾಣಿಸಿಕೊಂಡರೆ ಮೂಗು ಮುರಿಯುತ್ತಾರೆ. ರೇಷ್ಮೆ ನೇಯುವ ಕೊಳ್ಳೇಗಾಲದವರು ಆ ನೇಕಾರನ ಪರವಾಗಿಯಾದರೂ ಇದನ್ನು ಒಪ್ಪಬಾರದು.

ನಮ್ಮ ಸೀಮೆಗೆ ಈ ರಸ ಹೊಸದಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಮೈಸೂರು ಸಂಸ್ಥಾನದ ಊರು; ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆದರೆ ಕಂಸಾಳೆಯವರ ಹಾಡಿಗೆ ಈ ಗಡಿ ಅಡ್ಡವಾಗಲಿಲ್ಲ. ಹನೂರಿನಾಚೆಯ ಬೆಟ್ಟಗಳಲ್ಲಿ ಹುಲಿಯನ್ನೇರಿ ಸಂಚರಿಸುವ ಮಾದಪ್ಪನ ಕಥೆಯನ್ನು ಇರುಳೆಲ್ಲ ಕೇಳುವವರು ಕೈಯನ್ನೂ ಮುಗಿಯುತ್ತಾರೆ, ನಡುನಡುವೆ ಮನಸಾರೆ ನಗಲೂ ನಗುತ್ತಾರೆ. ಅದ್ಭುತವೂ ಹಾಸ್ಯವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತವೆ.

ನಾಟಕದವರೂ ಇದನ್ನು ಬಲ್ಲರು. 1935ರಲ್ಲಿ ಚಲಚ್ಚಿತ್ರವೂ ಆದ 'ಸದಾರಮೆ'ಯಲ್ಲಿ ರಾಜಕುಮಾರನಿದ್ದಾನೆ, ಗಂಡುವೇಷ ತೊಡುವ ನಾಯಿಕೆಯಿದ್ದಾಳೆ. ಆದರೂ ರಂಗದ ಮೇಲೆ ಗುಬ್ಬಿ ವೀರಣ್ಣನವರ ಕಳ್ಳನೇ ಜನರ ಮನಸ್ಸನ್ನು ಕದ್ದವನು. ಬಳಿಕ ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನವರು 1949ರಲ್ಲಿ 'ನಾಗಕನ್ನಿಕಾ', 1951ರಲ್ಲಿ 'ಜಗನ್ಮೋಹಿನಿ' ಎಂಬ ಚಿತ್ರಗಳನ್ನು ತೆಗೆದರು. ಆ ಸಂಸ್ಥೆಯಲ್ಲಿ ಶಂಕರ್‌ಸಿಂಗ್ ಅವರಿಗೆ ಜೊತೆಯಾಗಿದ್ದ ಬಿ. ವಿಠಲಾಚಾರ್ಯರು ಮೊದಲು ಹಾಸನದ ಕಡೆ ಟೂರಿಂಗ್ ಟಾಕೀಸು ನಡೆಸಿದವರು; ಮುಂದೆ ತೆಲುಗಿನಲ್ಲಿ ಮಾಯಾಚಿತ್ರಗಳಿಗೆ ಹೆಸರಾದರು. ಡೇರೆಯ ಆಟ ಕತ್ತಲಾದ ಮೇಲೆಯೇ. ಯಂತ್ರ ಒಂದೇ ಆದುದರಿಂದ ರೀಲು ಬದಲಿಸುವಾಗಲೆಲ್ಲ ವಿರಾಮ. ಆ ವಿರಾಮಗಳಲ್ಲಿ ನೆಲದ ಮೇಲೆ ಕುಳಿತವರ ಮಾತು ಕಿವಿಗೆ ಬೀಳದಿರುವುದು ಅಸಾಧ್ಯ. ಜನಕ್ಕೆ ಏನು ಬೇಕೆಂಬುದನ್ನು ಆಚಾರ್ಯರು ಅಲ್ಲಿಯೇ ಕಲಿತರೆಂದು ನಮ್ಮ ಊಹೆ.

ಇನ್ನು ನಮ್ಮ ಅಭಿಪ್ರಾಯ. 1967ರ 'ನಕ್ಕರೆ ಅದೇ ಸ್ವರ್ಗ'ವನ್ನು ಈಗ ಜನ ನೆನೆಯುವುದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಕನ್ನಡದಲ್ಲಿ ಮೊದಲು ಹಾಡಿದ ಚಿತ್ರವೆಂದು. ನಮಗಾದರೋ ನರಸಿಂಹರಾಜು ಅವರೇ ಮುಖ್ಯ. 1954ರ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರರೊಡನೆಯೇ ಹೆಸರಾದವರು ಅವರು. ಒಬ್ಬರು ನಾಡಿನ ನಾಯಕರಾದರು, ಇನ್ನೊಬ್ಬರು ಬಹುಮಟ್ಟಿಗೆ ನಾಯಕನ ಪಕ್ಕದಲ್ಲಿಯೇ ಉಳಿದರು. ಸಿಂಗಾನಲ್ಲೂರಿನ ನೆಂಟಸ್ತಿಕೆಯಿಂದ ರಾಜ್‌ಕುಮಾರರನ್ನು ನಮ್ಮವರೆನ್ನುವ ಕೊಳ್ಳೇಗಾಲದವರು, ಆ ಪಕ್ಕದವರಿಗೂ ಒಂದಿಷ್ಟು ಅಭಿಮಾನವನ್ನು ಹಂಚಬಹುದು.

1981ರ 'ಗುರು ಶಿಷ್ಯರು' ಚಿತ್ರದಲ್ಲಿ ಆಸ್ಥಾನದ ಆಡಂಬರ ಬಂದಾಗ ನಮಗೆ ಆಕಳಿಕೆ ಬರುತ್ತದೆ. ಬಾಲಕೃಷ್ಣ ಅವರ ಗುರುವೂ ದ್ವಾರಕೀಶ್ ಮೊದಲಾದ ಪೆದ್ದ ಶಿಷ್ಯರೂ ಬಂದರೆ ಎಚ್ಚರವಾಗುತ್ತದೆ. ಹೊಳೆ ದಾಟಿ, ತನ್ನನ್ನು ಬಿಟ್ಟು ಉಳಿದವರನ್ನು ಎಣಿಸಿ, ಒಬ್ಬನು ಮುಳುಗಿದನೆಂದು ಅಳುವ ಶಿಷ್ಯರ ಕುಲ ಅದು. ಕನ್ನಡ, ತಮಿಳು, ತೆಲುಗು ಮೂರೂ ಕಡೆ ಅವರಿಗೆ ಮನೆಯುಂಟು.

ಆದರೆ ಎಲ್ಲ ನಗೆಯನ್ನೂ ನಾವು ಮೆಚ್ಚಲಾರೆವು. ದ್ವಾರಕೀಶರು ತಮ್ಮ ಕುಳ್ಳತನವನ್ನು ತಾವೇ ಬಂಡವಾಳ ಮಾಡಿಕೊಂಡು ಗೆದ್ದರು, ಅದು ಬೇರೆ. ತೊದಲುವವನನ್ನು, ಕಪ್ಪು ಹುಡುಗಿಯನ್ನು, ಮನೆಗೆಲಸದವಳನ್ನು ಹಾಸ್ಯಕ್ಕೆ ಒಡ್ಡುವ ಚಿತ್ರಗಳು ಹೇರಳವಾಗಿವೆ. ನಮ್ಮ ತರಗತಿಯಲ್ಲಿ ತೊದಲುವ ಹುಡುಗನೊಬ್ಬನಿದ್ದಾನೆ. ಅಂಥ ಚಿತ್ರದ ಮಾತನ್ನು ಸಹಪಾಠಿಗಳು ಅನುಕರಿಸಿದ ದಿನ ಅವನು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ಅಂದಿನಿಂದ, ಅವನು ಪಕ್ಕದಲ್ಲಿ ಕುಳಿತು ನಗಬಲ್ಲನೇ ಎಂದು ನೋಡಿಯೇ ಹಾಸ್ಯಚಿತ್ರದ ಬೆಲೆ ಕಟ್ಟುತ್ತೇವೆ.

ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ'ದ ಪ್ರತಿಯೇ ಇಂದು ಉಳಿದಿಲ್ಲ. ಪೌರಾಣಿಕಕ್ಕೇ ಈ ಗತಿಯಾದರೆ ನಗೆಯ ಚಿತ್ರಗಳನ್ನು ಯಾರು ಕಾಯ್ದಾರು? ದೊರೆತವನ್ನು ಈಗಲೇ ನೋಡಿರಿ. ಆದರೆ ಒಬ್ಬೊಬ್ಬರೇ ಮೂಲೆ ಹಿಡಿದು ಫೋನಿನಲ್ಲಿ ಬೇಡ. ಅಜ್ಜಿಯನ್ನೂ ಮೊಮ್ಮಗುವನ್ನೂ ಮುಂದೆ ಕೂರಿಸಿಕೊಂಡು, ಯಾರು ಮೊದಲು ನಗುತ್ತಾರೆಂಬುದನ್ನೂ ಗಮನಿಸಿರಿ.