ಮರಳಿ ಬಾರದ ವಿಮಾನಗಳು

ನಮ್ಮ ವಿಟ್ಲ ಸೀಮೆಯಲ್ಲಿ ಗುಡ್ಡಕ್ಕೆ ಮೇಯಲು ಬಿಟ್ಟ ದನ ಸಂಜೆ ಹಟ್ಟಿಗೆ ಬಾರದೆ ಹೋದರೆ ಯಾರೂ ಭೂಪಟ ಹರಡಿಕೊಂಡು ಕೂರುವುದಿಲ್ಲ. ಸೊಪ್ಪು ಸೌದೆಗೆ ಹೋದವರನ್ನು, ನೆರೆಮನೆಯ ದನ ಕಾಯುವ ಹುಡುಗನನ್ನು, ರಾತ್ರಿ ಕಾಡು ಸುತ್ತುವ ಚಟವುಳ್ಳವರನ್ನು ವಿಚಾರಿಸುತ್ತಾರೆ. ಮಧ್ಯಾಹ್ನ ತೋಡಿನ ಆಚೆ ಗಂಟೆಯ ಸದ್ದು ಕೇಳಿದಂತಿತ್ತು ಎಂದು ಯಾರಾದರೊಬ್ಬರು ಹೇಳುತ್ತಾರೆ. ಅಷ್ಟು ಸಾಕು, ಕತ್ತಿಯನ್ನೂ ಸೂಟೆಯನ್ನೂ ಹಿಡಿದು ಹೊರಡುತ್ತಾರೆ. ಯುದ್ಧಕಾಲದಲ್ಲಿ ಬೆಟ್ಟಗಳ ನಡುವೆ ಕಾಣೆಯಾದ ವಿಮಾನಗಳನ್ನು ಹುಡುಕುವ ಕೆಲಸವೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆಯೆಂದರೆ ಕೇಳುಗರಿಗೆ ಆಶ್ಚರ್ಯವಾದೀತು. ಆಕಾಶದಲ್ಲಿ ಅಷ್ಟು ವೇಗದಿಂದ ಸಂಚರಿಸಿದ ಯಂತ್ರ ಎಲ್ಲಿ ಬಿತ್ತೆಂಬುದನ್ನು ಕೊನೆಗೆ ಹೇಳಬೇಕಾದವನು ಕಾಲ್ನಡಿಗೆಯವನು.

ಇಂತಹ ವಿಮಾನಗಳ ಅತಿ ದೊಡ್ಡ ಸಮಾಧಿಭೂಮಿಗಳಲ್ಲೊಂದು ನಮ್ಮ ದೇಶದ ಈಶಾನ್ಯದ ಅಂಚಿನಲ್ಲಿದೆ. 1942ರ ಮೊದಲ ತಿಂಗಳುಗಳಲ್ಲಿ ಜಪಾನೀಯರು ಬರ್ಮಾ ದೇಶವನ್ನು ಆಕ್ರಮಿಸಿದಾಗ ಚೀನಕ್ಕೆ ಯುದ್ಧಸಾಮಗ್ರಿ ಒಯ್ಯುತ್ತಿದ್ದ ಬರ್ಮಾ ರಸ್ತೆ ಮುಚ್ಚಿಹೋಯಿತು. ಉಳಿದದ್ದು ಆಕಾಶಮಾರ್ಗವೊಂದೇ. ಅಸ್ಸಾಮಿನ ಚಾಬುವಾ, ಮೋಹನ್‌ಬಾರಿ ಮೊದಲಾದ ನೆಲೆಗಳಿಂದ ಎದ್ದ ವಿಮಾನಗಳು ಹಿಮಾಲಯದ ಪೂರ್ವದ ಕವಲುಗಳನ್ನು ದಾಟಿ ಚೀನದ ಕುನ್‌ಮಿಂಗ್ ನಗರದಲ್ಲಿ ಇಳಿಯಬೇಕಾಗಿತ್ತು. ಪೆಟ್ರೋಲು, ಗುಂಡು, ಔಷಧ, ಲಾರಿಯ ಬಿಡಿಭಾಗ ಎಲ್ಲವೂ ಆ ಮಾರ್ಗವಾಗಿಯೇ ಹೋಯಿತು. ವೈಮಾನಿಕರು ಈ ಪರ್ವತಸಾಲನ್ನು 'ಹಂಪ್' ಎಂದು ಕರೆದರು. ಒಂಟೆಯ ಡುಬ್ಬ ಎಂಬ ಅರ್ಥದ ಹಗುರ ಮಾತು ಅದು. 1945ರ ನವೆಂಬರಿನಲ್ಲಿ ಈ ಸಾಗಣೆ ನಿಲ್ಲುವ ವೇಳೆಗೆ ಸುಮಾರು 6,50,000 ಟನ್ನು ಸಾಮಗ್ರಿ ದಾಟಿತ್ತು. ಸುಮಾರು 600 ವಿಮಾನಗಳು ನಾಶವಾಗಿದ್ದವು. ಸತ್ತವರು, ಕಾಣೆಯಾದವರು 1,600ಕ್ಕೂ ಮಿಕ್ಕಿದ್ದರು.

ಇವುಗಳಲ್ಲಿ ಶತ್ರುವಿನ ಗುಂಡಿಗೆ ಬಲಿಯಾದುವು ಕಡಿಮೆ. ಹವೆಯೇ ದೊಡ್ಡ ಶತ್ರು. ರೆಕ್ಕೆಯ ಮೇಲೆ ಹಿಮ ಕಟ್ಟಿಕೊಂಡರೆ ಎರಡು ಕೇಡು. ವಿಮಾನದ ಭಾರ ಏರುತ್ತದೆ, ಜೊತೆಗೆ ಅದನ್ನು ಎತ್ತಿ ಹಿಡಿಯುವ ರೆಕ್ಕೆಯ ಆಕಾರವೇ ಕೆಡುತ್ತದೆ. ಎತ್ತರಕ್ಕೆ ಏರಲಾರದ ವಿಮಾನ, ಮೋಡದೊಳಗೆ ಕಾಣದ ಬೆಟ್ಟ. ಗಂಟೆಗೆ ನೂರು ಮೈಲಿಗೂ ಮೀರಿ ಬೀಸುವ ಗಾಳಿ ವಿಮಾನವನ್ನು ದಾರಿಯಿಂದ ಹತ್ತಾರು ಮೈಲಿ ಪಕ್ಕಕ್ಕೆ ಒಯ್ದರೂ ಒಳಗೆ ಕುಳಿತವನಿಗೆ ಅದು ತಿಳಿಯುತ್ತಿರಲಿಲ್ಲ. ಅಂದಿನ ಭೂಪಟಗಳಲ್ಲಿ ಶಿಖರಗಳ ಎತ್ತರವೂ ನಂಬುವಂತಹುದಾಗಿರಲಿಲ್ಲ. ಆಕಾಶ ತಿಳಿಯಾಗಿದ್ದ ದಿನ ಕೆಳಗಿನ ಕಣಿವೆಗಳಲ್ಲಿ ಮೊದಲು ಬಿದ್ದ ವಿಮಾನಗಳ ತಗಡು ಬಿಸಿಲಿಗೆ ಹೊಳೆಯುತ್ತಿದ್ದುದರಿಂದ ಆ ದಾರಿಗೆ 'ಅಲ್ಯೂಮಿನಿಯಮ್ ಹಾದಿ' ಎಂಬ ಹೆಸರೂ ಬಂದಿತು.

ಆ ಯುದ್ಧದೊಡನೆ ಕನ್ನಡನಾಡಿಗೂ ನಂಟುಂಟು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ಈ ರಣರಂಗದ ವಿಮಾನಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಹಾರಿಸುವ ದೊಡ್ಡ ಶಾಲೆಯಾಗಿ ಆ ಕಾರ್ಖಾನೆ ಬೆಳೆಯಿತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಮತ್ತಾರಿಗೂ ಉಪಯೋಗವಾಗಬಾರದೆಂದು ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಎಂಬ ಬಾಂಬರ್ ವಿಮಾನಗಳಿಗೆ ತೇಪೆ ಹಾಕಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು, ಸರಿಪಡಿಸಿ ನಮ್ಮ ವಾಯುಪಡೆಗೆ ಕೊಟ್ಟದ್ದೂ ಅದೇ ಕಾರ್ಖಾನೆ. ಹಾಗೆ ತಂದ ಚಾಲಕ ಜಮಷೇದ್ ಮುನ್ಷಿಯವರ ಧೈರ್ಯದ ಕಥೆ ಬೇರೊಂದು ಭಾಷಣಕ್ಕೆ ಸಲ್ಲುವಷ್ಟಿದೆ. ಆ ವಿಮಾನಗಳು 1968ರವರೆಗೂ ಸೇವೆಯಲ್ಲಿದ್ದವು.

ಅದೇ ಲಿಬರೇಟರ್ ಜಾತಿಯ ವಿಮಾನವೊಂದು 1944ರ ಜನವರಿ 25ರಂದು ಕುನ್‌ಮಿಂಗಿನಿಂದ ಚಾಬುವಾಕ್ಕೆ ಹೊರಟಿತು, ತಲಪಲಿಲ್ಲ. ಒಳಗೆ ಎಂಟು ಮಂದಿ ಇದ್ದರು. ಯುದ್ಧ ಮುಗಿಯಿತು, ಹುಡುಕಾಟವೂ ಮುಗಿಯಿತು. ಆ ಎಂಟು ಮನೆಗಳಿಗೆ ಸಿಕ್ಕಿದ್ದು ಕಾಗದದ ಮೇಲಿನ ಒಕ್ಕಣೆ ಮಾತ್ರ. ಆದರೆ ಆ ವಿಮಾನ ಯಾರಿಗೂ ಗೊತ್ತಿಲ್ಲದ ಸ್ಥಳದಲ್ಲೇನೂ ಇರಲಿಲ್ಲ. ಅರುಣಾಚಲದ ಸಿಯಾಂಗ್ ಸೀಮೆಯ ದಮ್ರೋ ಎಂಬ ಹಳ್ಳಿಯ ಮೇಲಿನ ಬೆಟ್ಟದಲ್ಲಿ ಅದು ಬಿದ್ದಿತ್ತು. ಆ ಬೆಟ್ಟಗಳಲ್ಲಿ ಬೇಟೆಯಾಡುವ ಆದಿ ಜನರು ಬಲ್ಲ ಸಂಗತಿಯೇ ಅದು. ಆ ಸೀಮೆಯಲ್ಲಿ ಬಿದ್ದ ವಿಮಾನಗಳ ತಗಡು ಎಷ್ಟೋ ಗುಡಿಸಲುಗಳಲ್ಲಿ ಪಾತ್ರೆಯಾಗಿ, ಕತ್ತಿಯ ಹಿಡಿಯಾಗಿ ಸವೆದಿದೆ. ಇದನ್ನು ಕಳವೆಂದು ನಾನು ಹೇಳಲಾರೆ. ಕೇಳದೆಯೇ ತಮ್ಮ ಕಾಡಿನಲ್ಲಿ ಬಂದು ಬಿದ್ದ ಲೋಹವನ್ನು ಬಡವರು ಬಳಸಿಕೊಂಡರು. ಅಚ್ಚರಿಯೆಂದರೆ ಅರುವತ್ತು ವರ್ಷ ಅವರನ್ನು ಯಾರೂ ಹೋಗಿ ಕೇಳಲಿಲ್ಲ.

ಕೊನೆಗೆ ಕೇಳಿದವನು ಅಮೆರಿಕದ ಅರಿಜೋನದ ಕ್ಲೇಟನ್ ಕೂಲ್ಸ್ ಎಂಬ ವ್ಯಾಪಾರಿ. ಸರಕಾರದ ನೌಕರನಲ್ಲ, ಸೈನಿಕನಲ್ಲ. ಬೆಟ್ಟ ಹತ್ತುವ ಹವ್ಯಾಸವುಳ್ಳವನು. ಈ ಶತಮಾನದ ಆರಂಭದಿಂದ ಬರ್ಮಾ, ಅರುಣಾಚಲಗಳಲ್ಲಿ ಅಲೆದು ಇಪ್ಪತ್ತಕ್ಕೂ ಹೆಚ್ಚು ವಿಮಾನಗಳ ಅವಶೇಷಗಳನ್ನು ಪತ್ತೆಹಚ್ಚಿದ್ದಾನೆ. ಅವನ ಕ್ರಮ ಸರಳವಾದದ್ದು. ಮಳೆಗಾಲ ಕಳೆದ ಮೇಲೆ ಹಳ್ಳಿಗೆ ಹೋಗುವುದು, ಊರ ಹಿರಿಯರನ್ನೂ ಬೇಟೆಗಾರರನ್ನೂ ವಿಚಾರಿಸುವುದು, ಸ್ಥಳ ಬಲ್ಲವನನ್ನು ಮುಂದಿಟ್ಟುಕೊಂಡು ಬೆತ್ತದ ತೂಗುಸೇತುವೆ ದಾಟಿ, ಜಿಗಣೆ ಕಡಿಸಿಕೊಂಡು ಹಲವು ದಿನ ನಡೆಯುವುದು. ಅಲ್ಲಿ ಇಡಿಯ ವಿಮಾನ ಕಾಣುತ್ತದೆಂದು ಯಾರೂ ಭಾವಿಸಬಾರದು. ಬಿದಿರ ಮೆಳೆಯೊಳಗೆ ಮಡಚಿದ ತಗಡು, ಪಾಚಿ ಹಿಡಿದ ಎಂಜಿನ್, ಇಳಿಜಾರಿನಲ್ಲಿ ಇಷ್ಟಿಷ್ಟಾಗಿ ಜಾರಿಹೋದ ಚೂರುಗಳು. ಹುಡುಕುವವನಿಗೆ ಬೇಕಾದದ್ದು ಅಂಕಿ. ಬಾಲದ ಮೇಲೋ ಎಂಜಿನ್ನಿನ ಫಲಕದ ಮೇಲೋ ಕೊರೆದ ಸಂಖ್ಯೆ ಸಿಕ್ಕಿದರೆ ಅದನ್ನು ಸೇನೆಯ ದಫ್ತರದಲ್ಲಿರುವ ಕಾಣೆಯಾದವರ ವರದಿಯೊಡನೆ ಹೋಲಿಸಿ ಅದು ಯಾವ ವಿಮಾನ, ಒಳಗೆ ಯಾರು ಯಾರು ಇದ್ದರೆಂದು ಹೇಳಬಹುದು. ಆ ಒಂದು ಸಂಖ್ಯೆಯಿಂದ ಬೆಟ್ಟದ ಮೇಲಿನ ಲೋಹಕ್ಕೆ ಎಂಟು ಮನುಷ್ಯರ ಹೆಸರು ಬರುತ್ತದೆ.

ದಮ್ರೋದ ವಿಮಾನ 2006ರಲ್ಲಿ ಗುರುತಿಸಲ್ಪಟ್ಟಿತು. ಆದರೂ ಎಲುಬುಗಳು ಮನೆಗೆ ಹೋಗಲು ಮತ್ತೆ ಹತ್ತು ವರ್ಷ ಬೇಕಾಯಿತು. ಗಡಿಪ್ರದೇಶ, ಅನುಮತಿಗಳು, ಎರಡು ಸರಕಾರಗಳ ಪತ್ರವ್ಯವಹಾರ. ನಡುವೆ ಹಲವು ವರ್ಷ ಕೆಲಸ ನಿಂತೇಹೋಗಿತ್ತು. ಬೆಟ್ಟ ಹತ್ತುವುದಕ್ಕಿಂತ ಕಡತ ಹತ್ತುವುದು ಕಠಿಣ! 2016ರಲ್ಲಿ ಅವಶೇಷಗಳು ದೆಹಲಿಯಿಂದ ಹೊರಟವು. ಅವುಗಳಲ್ಲಿ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಎಂಬ ತರುಣನನ್ನು ಗುರುತಿಸಿ, 2017ರಲ್ಲಿ ಜಾರ್ಜಿಯಾ ಪ್ರಾಂತದ ಅವನ ಹುಟ್ಟೂರಿನಲ್ಲಿ ಮಣ್ಣು ಮಾಡಿದರು. ಹೆತ್ತವರು ಯಾವಾಗಲೋ ತೀರಿಹೋಗಿದ್ದರು. 2023ರ ನವೆಂಬರಿನಲ್ಲಿ ಪಾಸಿಘಾಟಿನಲ್ಲಿ ಈ ವಿಮಾನಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವೂ ತೆರೆದಿದೆ.

ಇಂಗ್ಲೆಂಡಿನಲ್ಲಿ ಇದು ರಜಾದಿನದ ವಿಹಾರವೂ ಆಗಿದೆ. ಅಲ್ಲಿಯ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಸೀಮೆಯಲ್ಲಿ 1948ರ ನವೆಂಬರ್ 3ರಂದು ಬಿದ್ದ ಅಮೆರಿಕದ ದೊಡ್ಡ ವಿಮಾನವೊಂದರ ಚೂರುಗಳು ಇಂದಿಗೂ ಹರಡಿಕೊಂಡಿವೆ. ಸತ್ತ ಹದಿಮೂರು ಮಂದಿಯ ಸ್ಮಾರಕಶಿಲೆಯೂ ಇದೆ. ಬುತ್ತಿ ಕಟ್ಟಿಕೊಂಡು ಜನ ನೋಡಲು ಹೋಗುತ್ತಾರೆ. ಜೇಬಿನಲ್ಲಿ ಒಂದೆರಡು ಚೂರು ಹಾಕಿಕೊಂಡು ಬರುವವರ ಕಾಟವೂ ಇತ್ತೆಂದು ತೋರುತ್ತದೆ. ಪತನಗೊಂಡ ಸೈನಿಕ ವಿಮಾನಗಳನ್ನು ಅನುಮತಿಯಿಲ್ಲದೆ ಕದಲಿಸಬಾರದೆಂದು 1986ರಲ್ಲಿ ಅಲ್ಲಿ ಕಾನೂನನ್ನೇ ಮಾಡಿದರು. ದಮ್ರೋದ ಬೇಟೆಗಾರ ಒಯ್ದ ತಗಡಿಗೂ ವಿಹಾರಿಯ ಜೇಬಿನ ಚೂರಿಗೂ ನನ್ನ ಮಟ್ಟಿಗೆ ವ್ಯತ್ಯಾಸವಿದೆ. ಒಬ್ಬನದು ಅಡುಗೆಮನೆಗೆ ಹೋಯಿತು, ಇನ್ನೊಬ್ಬನದು ಗಾಜಿನ ಬೀರುವಿಗೆ.

ದಕ್ಷಿಣದ ಬೆಟ್ಟಗಳಿಗೂ ಇಂತಹ ಒಂದು ನೆನಪು ಅಂಟಿಕೊಂಡಿದೆ. ಯುದ್ಧಕಾಲದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಬ್ರಹಾಮ್ ವಾಲ್ಡ್ ಎಂಬ ಗಣಿತಜ್ಞನಿದ್ದ. ಯೆಹೂದಿಯಾದುದರಿಂದ 1938ರಲ್ಲಿ ವಿಯೆನ್ನಾವನ್ನು ಬಿಟ್ಟು ಓಡಬೇಕಾಗಿ ಬಂದವನು. ಯುದ್ಧದಿಂದ ಮರಳಿದ ವಿಮಾನಗಳ ಮೈಮೇಲಿನ ಗುಂಡಿನ ತೂತುಗಳನ್ನು ಎಣಿಸಿ, ಎಲ್ಲಿ ರಕ್ಷಾಕವಚ ಹಾಕಬೇಕೆಂದು ಲೆಕ್ಕ ಹಾಕುವ ಪ್ರಶ್ನೆ ಅವನ ಮುಂದೆ ಬಂದಿತು. ತೂತು ಹೆಚ್ಚಿದ್ದಲ್ಲಿ ಕವಚ ಹಾಕಬೇಕೆಂದು ಯಾರಿಗಾದರೂ ತೋರುತ್ತದೆ. ವಾಲ್ಡ್ ಲೆಕ್ಕವನ್ನು ತಿರುಗಿಸಿ ಹಾಕಿದ. ನಾವು ನೋಡುತ್ತಿರುವುದು ಮರಳಿ ಬಂದ ವಿಮಾನಗಳನ್ನು ಮಾತ್ರ. ಎಂಜಿನ್ನಿನ ಬಳಿ ತೂತು ಕಡಿಮೆ ಕಾಣುವುದು ಅಲ್ಲಿ ಗುಂಡು ಬೀಳದೆ ಇದ್ದುದರಿಂದಲ್ಲ, ಅಲ್ಲಿ ಗುಂಡು ತಗಲಿದುವು ಮರಳಲೇ ಇಲ್ಲವಾದುದರಿಂದ. ಆದುದರಿಂದ ಬಾರದೆ ಹೋದುವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಂದುವುಗಳ ಲೆಕ್ಕ ಸರಿಯಾಗದು.

ಆ ವಾಲ್ಡ್ 1950ರಲ್ಲಿ ಭಾರತ ಸರಕಾರದ ಆಹ್ವಾನದ ಮೇಲೆ ಉಪನ್ಯಾಸ ಪ್ರವಾಸಕ್ಕಾಗಿ ಪತ್ನಿಯೊಡನೆ ಇಲ್ಲಿಗೆ ಬಂದ. ಡಿಸೆಂಬರ್ 13ರಂದು ಅವರಿದ್ದ ಏರ್ ಇಂಡಿಯಾದ ಡಕೋಟಾ ವಿಮಾನ ನೀಲಗಿರಿಯ ಕೋಟಗಿರಿಯ ಬಳಿ, ರಂಗಸ್ವಾಮಿ ಬೆಟ್ಟದ ಹತ್ತಿರ ಪರ್ವತಕ್ಕೆ ಬಡಿಯಿತು. ಯಾರೂ ಬದುಕಲಿಲ್ಲ. ಹಂಪ್ ದಾಟಲು ಬಳಸಿದ್ದೂ ಈ ಡಕೋಟಾ ಜಾತಿಯ ವಿಮಾನಗಳನ್ನೇ. ಆ ಬೆಟ್ಟ ಇರುಳರಿಗೂ ಬಡಗರಿಗೂ ಪವಿತ್ರವಾದದ್ದು. ಅದರ ಉತ್ತರದ ತಪ್ಪಲಲ್ಲಿ ಮೋಯಾರ್ ಹೊಳೆಯ ಕಣಿವೆ, ಅದರಾಚೆ ಸತ್ಯಮಂಗಲದ ಕಾಡು, ಕನ್ನಡ ಮಾತನಾಡುವ ಬೆಟ್ಟದೂರುಗಳು. ಕೋಡನಾಡಿನ ಅಂಚಿನಲ್ಲಿ ನಿಂತು ಆ ಕಲ್ಲಿನ ಕಂಬವನ್ನು ನೋಡಿ ಬರುವ ಪ್ರವಾಸಿಗಳು ನೂರಾರು. ಮರಳಿ ಬಾರದ ವಿಮಾನಗಳನ್ನು ಲೆಕ್ಕಕ್ಕೆ ಸೇರಿಸಿದ ಮನುಷ್ಯ ಅಲ್ಲಿ ತೀರಿಹೋದನೆಂದು ತಿಳಿದವರು ಕೆಲವರೇ.

ಇಷ್ಟು ವರ್ಷದ ಮೇಲೆ ಎಲುಬು ಹುಡುಕಿ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ತುಳುನಾಡಿನವರಿಗೆ ಈ ಪ್ರಶ್ನೆಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಆಟಿ ತಿಂಗಳಲ್ಲಿ ಗತಿಸಿದವರಿಗೆ ಎಲೆ ಹಾಕಿ ಬಡಿಸುವ ಜನ ನಾವು. ದೇಹ ಸಿಗದೆ ಹೋದವನಿಗೆ ದರ್ಭೆಯ ಪ್ರತಿಕೃತಿ ಮಾಡಿ ದಹನ ಮಾಡುವ ವಿಧಿಯನ್ನು ನಮ್ಮ ಶಾಸ್ತ್ರಕಾರರು ಹೇಳಿಟ್ಟಿದ್ದಾರೆ. ಸತ್ತದ್ದು ನಿಜವೆಂದು ನಂಬಲು ಮನೆಯವರಿಗೆ ಏನಾದರೊಂದು ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. 1968ರ ಫೆಬ್ರವರಿ 7ರಂದು ನೂರಕ್ಕೂ ಹೆಚ್ಚು ಮಂದಿಯೊಡನೆ ಹಿಮಾಚಲದ ಹಿಮದಲ್ಲಿ ಕಾಣೆಯಾದ ನಮ್ಮ ವಾಯುಪಡೆಯ ವಿಮಾನವೊಂದರ ಕುರುಹು 2003ರಲ್ಲಿ ಪರ್ವತಾರೋಹಿಗಳಿಗೆ ಸಿಕ್ಕಿತು. 2024ರಲ್ಲಿ ಕೂಡ ಅಲ್ಲಿಂದ ನಾಲ್ಕು ದೇಹಗಳನ್ನು ತಂದು ಊರೂರಿಗೆ ಒಪ್ಪಿಸಿದರು. ಐವತ್ತಾರು ವರ್ಷದ ಮೇಲೆ!

ಕನ್ನಡನಾಡಿನ ಒಂದು ಮನೆಗೆ ಇನ್ನೂ ಹಾಗಾಗಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರ ಮುಂಜಾನೆ ಆದಂಪುರದಿಂದ ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೀರ್ ವಿಮಾನಗಳ ತಂಡದಲ್ಲಿದ್ದರು, ಅದೂ ಮೀಸಲು ಚಾಲಕರಾಗಿ. ತಂಡ ಮರಳಿತು, ದೇವಯ್ಯನವರು ಮರಳಲಿಲ್ಲ. ಜೊತೆಯವರಾರೂ ಏನಾಯಿತೆಂದು ಕಂಡಿರಲಿಲ್ಲ. ಬಂದವರ ಸಾಕ್ಷ್ಯದಲ್ಲಿ ಅವರ ವಿಷಯ ಇಲ್ಲ, ಆದುದರಿಂದ ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಎಂದಷ್ಟೇ ಉಳಿಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಪಾಕಿಸ್ತಾನದ ಕಡೆಯ ದಾಖಲೆಗಳನ್ನು ನೋಡಿ ಬರೆದ ಪುಸ್ತಕದಿಂದ ಅಂದಿನ ಸಂಗತಿ ಹೊರಬಿತ್ತು. ಶಬ್ದದ ಇಮ್ಮಡಿ ವೇಗದ ಸ್ಟಾರ್‌ಫೈಟರ್ ವಿಮಾನವೊಂದನ್ನು ಅದಕ್ಕಿಂತ ಎಷ್ಟೋ ನಿಧಾನದ ಮಿಸ್ಟೀರ್ ಹೊಡೆದುರುಳಿಸಿತ್ತು. ಆ ವಿಮಾನದ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿದ್ದ. ಅಂದು ಬಾರದೆ ಉಳಿದ ಮಿಸ್ಟೀರ್ ದೇವಯ್ಯನವರದೇ. ತಂಡದ ನಾಯಕರಾಗಿದ್ದ ತನೇಜಾ ಅವರು ಬೆನ್ನು ಹಿಡಿದು ಬರೆದ ಮೇಲೆ 1988ರಲ್ಲಿ ದೇವಯ್ಯನವರಿಗೆ ಮಹಾವೀರ ಚಕ್ರ ಸಂದಿತು. ಘಟನೆಯಾಗಿ ಇಪ್ಪತ್ತಮೂರು ವರ್ಷಗಳಾಗಿದ್ದವು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ.

ಅವರು ಬಿದ್ದ ನೆಲ ಬೆಟ್ಟವಲ್ಲ, ಪಂಜಾಬಿನ ಬಯಲು. ಆದರೂ ನಮ್ಮವರಿಗೆ ಅದು ಯಾವ ಬೆಟ್ಟಕ್ಕಿಂತಲೂ ದುರ್ಗಮ. ಪಾಕಿಸ್ತಾನದ ವಾಯುಪಡೆಯ ನಿವೃತ್ತ ಅಧಿಕಾರಿ ಕೈಸರ್ ತುಫೈಲ್ ಅವರು ವಿಚಾರಿಸಿ ಬರೆದಿರುವಂತೆ, ಹಳ್ಳಿಯ ಜನ ವಿಮಾನದಿಂದ ಹೊರಕ್ಕೆ ಬಿದ್ದಿದ್ದ ದೇಹವನ್ನು ಕಂಡು, ಹೊಲದಲ್ಲಿಯೇ ಮಣ್ಣು ಮಾಡಿದರು. ಶತ್ರುದೇಶದ ಸೈನಿಕನೆಂದು ಬಿಟ್ಟುಹೋಗಲಿಲ್ಲ. ಆ ಗುರುತನ್ನು ಹೇಳಬಲ್ಲವರು ಆ ಹಳ್ಳಿಯವರೇ. ಅಂದು ಇಪ್ಪತ್ತರ ಹರೆಯದಲ್ಲಿ ಗುದ್ದಲಿ ಹಿಡಿದವನೊಬ್ಬನು ಇಂದು ಇದ್ದರೆ, ಅವನಿಗೆ ಎಂಬತ್ತು ದಾಟಿದೆ.