ತೆಂಗಿನ ಸೀಮೆಯ ಕಥೋಲಿಕ ಪಾಠಶಾಲೆ



ತಿಪಟೂರಿನ ಕಡೆಯ ಹಳೆಯ ಮನೆಗಳಲ್ಲಿ ತಲೆಯೆತ್ತಿ ನೋಡಿದರೆ ಅಟ್ಟದ ತುಂಬ ತೆಂಗಿನಕಾಯಿ. ಬಲಿತ ಕಾಯನ್ನು ಸಿಪ್ಪೆಸಹಿತ ಅಲ್ಲಿ ಹರಡಿ, ಎಂಟು ಹತ್ತು ತಿಂಗಳ ಕಾಲ, ಕೆಲವು ವೇಳೆ ವರ್ಷವೇ, ಅದರ ಪಾಡಿಗೆ ಅದನ್ನು ಬಿಟ್ಟುಬಿಡುವರು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುವುದು. ತಿರುಳು ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳುವುದು. ಕಾಯನ್ನು ಅಲುಗಿಸಿದಾಗ ಗಿಟುಕು ಒಳಗೆ ಗಡಗಡನೆ ಉರುಳಿದರೆ ಕೊಬ್ಬರಿ ಆಯಿತೆಂದು ತಿಳಿಯತಕ್ಕದ್ದು. ಅದಕ್ಕೆ ಮುಂಚೆ ಆತುರಪಟ್ಟು ಒಡೆದವನಿಗೆ ಹಸಿ ಕಾಯೂ ಇಲ್ಲ, ಒಣ ಕೊಬ್ಬರಿಯೂ ಇಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಒಂದು ಕಥೋಲಿಕ ಪ್ರಾಥಮಿಕ ಪಾಠಶಾಲೆಯ ಬದುಕು ಹೇಗಿರುವುದು, ಹೇಗಿರಬೇಕು ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ನಾವು ಯಾವ ಒಂದು ಶಾಲೆಯ ಚರಿತ್ರೆಯನ್ನೂ ಹೇಳಹೊರಟಿಲ್ಲ. ಇಂತಹ ಶಾಲೆಗಳಲ್ಲಿ ವರ್ಷ ಹೇಗೆ ಉರುಳುವುದು, ಅಲ್ಲಿ ಕೆಲವೇ ಮಕ್ಕಳಿಗೆ ಸೇರಿದ ಧರ್ಮಸಂಸ್ಕಾರಗಳು ಎಲ್ಲ ಮಕ್ಕಳ ಕೂಡುಬಾಳಿನೊಳಗೆ ಹೇಗೆ ಹೊಂದಿಕೊಳ್ಳಬಲ್ಲವು ಎಂಬುದಷ್ಟೇ ನಮ್ಮ ವಿಚಾರ.

ಧರ್ಮಸಂಸ್ಥೆಯೊಂದು ಶಾಲೆಯನ್ನು ನಡೆಸುವುದು ತುಮಕೂರು ಜಿಲ್ಲೆಯವರಿಗೆ ಹೊಸ ಸಂಗತಿಯಲ್ಲ. ಸಿದ್ಧಗಂಗೆಯ ಮಠದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಉಂಡು ಓದುತ್ತಿರುವುದನ್ನು ಎಲ್ಲರೂ ಬಲ್ಲರು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರಸ್ವಾಮಿಗಳು ತಮ್ಮ ದೀರ್ಘವಾದ ಆಯುಷ್ಯವನ್ನು ಸವೆಸಿದ್ದು ಈ ಕಾರ್ಯದಲ್ಲಿಯೇ. ಮಠವು ತನ್ನ ಪೂಜೆಯನ್ನು ಬಿಡಲಿಲ್ಲ. ಬಂದ ಮಗುವಿಗೆ ಅನ್ನವನ್ನೂ ಅಕ್ಷರವನ್ನೂ ಕೊಡುವಾಗ ಅದರ ಮನೆಯ ದೇವರು ಯಾವುದೆಂದು ಕೇಳಲೂ ಇಲ್ಲ. ಕಥೋಲಿಕ ಶಾಲೆಯನ್ನು ಅಳೆಯುವುದಕ್ಕೂ ನಮಗೆ ಬೇರೆ ಕೋಲು ಬೇಕಾಗಿಲ್ಲ.

ಕಥೋಲಿಕ ಧರ್ಮವೂ ಮೈಸೂರು ಸೀಮೆಗೆ ನಿನ್ನೆ ಮೊನ್ನೆ ಬಂದುದಲ್ಲ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಬೋಧಿಸಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಫ್ರಾನ್ಸಿನ ಅಬ್ಬೆ ದುಬೋಯಿಯವರು ಇಲ್ಲಿಗೆ ಬಂದು 1823ರ ವರೆಗೆ ಇದ್ದರು. ದೇಶೀಯರ ಉಡುಪನ್ನು ತೊಟ್ಟು ದೇಶೀಯರಂತೆ ಬಾಳಿದ ಅವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರೆಂದು ಪ್ರತೀತಿ. ತೆಂಗಿನ ಸೀಮೆಯ ನೆರೆಯಲ್ಲಿಯೇ ಇರುವ ಹಾಸನದ ಸಮೀಪದಲ್ಲಿ ಕ್ರೈಸ್ತ ಒಕ್ಕಲುಗಳ ವಸತಿಯೊಂದನ್ನು ಅವರು ಏರ್ಪಡಿಸಿದರು. ಸಿಡುಬಿಗೆ ದೇವಿ ಹಾಕಿಸುವ ಪದ್ಧತಿಯನ್ನು ಈ ನಾಡಿನಲ್ಲಿ ಹರಡುವುದಕ್ಕೂ ಶ್ರಮಪಟ್ಟರು. ಈಗ ತುಮಕೂರು ಜಿಲ್ಲೆಯು ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದೆ.

ಆದರೂ ಈ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಬಹು ಸ್ವಲ್ಪ. ಇಂತಹ ಕಡೆ ಕಥೋಲಿಕ ಶಾಲೆಯ ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಅವರಲ್ಲಿ ಕಥೋಲಿಕರು ಇಬ್ಬರೋ ಮೂವರೋ ಇದ್ದಾರು. ಮಿಕ್ಕವರು ತೋಟದವರ, ಕೊಬ್ಬರಿ ಮಂಡಿಯವರ, ಕಾಯಿ ಸುಲಿಯುವ ಕೂಲಿಯವರ, ಗುಮಾಸ್ತರ ಮಕ್ಕಳು. ಧರ್ಮೋಪದೇಶದ ಸಮಯದಲ್ಲಿ ಕಥೋಲಿಕ ಮಕ್ಕಳು ಒಂದು ಕಡೆ ಹೋಗಿ ಕುಳಿತರೆ ಮಿಕ್ಕವರಿಗೆ ನೀತಿಪಾಠ ನಡೆಯುವುದು ಇಂತಹ ಶಾಲೆಗಳ ವಾಡಿಕೆ. ಈ ವಾಡಿಕೆಯ ಹಿಂದೆ ಶಾಸನದ ಬಲವೂ ಉಂಟು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ; 28ನೆಯ ವಿಧಿಯು, ಸರ್ಕಾರದ ಮನ್ನಣೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯಲ್ಲಿ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂರಿಸಕೂಡದೆಂದು ವಿಧಿಸಿದೆ. ಒಂದು ವಿಧಿ ಬಾಗಿಲನ್ನು ತೆರೆಯುವುದು, ಇನ್ನೊಂದು ಹೊಸ್ತಿಲನ್ನು ಕಾಯುವುದು. ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟ ಶಾಲೆಯೇ ಊರಿನ ವಿಶ್ವಾಸವನ್ನು ಗಳಿಸೀತು.

ಇನ್ನು ಸಂಸ್ಕಾರಗಳ ಮಾತು. ಕಥೋಲಿಕರಿಗೆ ಏಳು ಸಂಸ್ಕಾರಗಳುಂಟು; ಬಾಲ್ಯಕ್ಕೂ ಶಾಲೆಯ ವಯಸ್ಸಿಗೂ ಸೇರಿದವು ಅವುಗಳಲ್ಲಿ ನಾಲ್ಕು. ಕೂಸಿಗೆ ಜ್ಞಾನಸ್ನಾನ, ತಿಳಿವಳಿಕೆ ಬಂದಮೇಲೆ ಪಾಪನಿವೇದನೆ ಮತ್ತು ಪ್ರಥಮ ಪರಮಪ್ರಸಾದ, ಇನ್ನಷ್ಟು ಬೆಳೆದಮೇಲೆ ದೃಢೀಕರಣ. ಈ ಸೀಮೆಯ ಇತರ ಮನೆಗಳಲ್ಲಿಯೂ ಇಂತಹ ಮೆಟ್ಟಿಲುಗಳಿವೆ. ವೀರಶೈವರಲ್ಲಿ ಕೂಸಿಗೆ ಲಿಂಗಧಾರಣೆಯಾಗುವುದು, ಬೆಳೆದಮೇಲೆ ದೀಕ್ಷೆಯಾಗುವುದು. ಬ್ರಾಹ್ಮಣರಲ್ಲಿ ಉಪನಯನ ಉಂಟು. ಅನೇಕ ಮುಸಲ್ಮಾನರ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸುವರು. ಇವೆಲ್ಲವೂ ಒಂದೇ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಯಾರ ಧರ್ಮಕ್ಕೂ ಗೌರವವಾಗದು. ಮಗುವನ್ನು ಕೈಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸುವ ಹಿರಿಯರ ಅಕ್ಕರೆ ಮಾತ್ರ ಎಲ್ಲೆಡೆಯಲ್ಲಿಯೂ ಒಂದೇ.

ಪ್ರಥಮ ಪರಮಪ್ರಸಾದವು ಪ್ರಾಥಮಿಕ ಶಾಲೆಯ ವಯಸ್ಸಿಗೆ ಬಂದ ಬಗೆಯನ್ನು ತಿಳಿಯಬೇಕು. ಹಿಂದೆ ಅನೇಕ ದೇಶಗಳಲ್ಲಿ ಮಕ್ಕಳು ಹತ್ತು ಹನ್ನೆರಡು ವರ್ಷವನ್ನು, ಕೆಲವೆಡೆ ಅದಕ್ಕೂ ಹೆಚ್ಚು ವಯಸ್ಸನ್ನು, ಮುಟ್ಟುವವರೆಗೂ ಇದಕ್ಕಾಗಿ ಕಾಯಬೇಕಾಗಿತ್ತು. 1910ರ ಆಗಸ್ಟಿನಲ್ಲಿ ಪೋಪ್ ಹತ್ತನೆಯ ಪಿಯೂಸರು ಒಂದು ಆಜ್ಞೆಯನ್ನು ಹೊರಡಿಸಿ, ಒಳ್ಳೆಯದು ಕೆಟ್ಟದ್ದನ್ನು ಅರಿಯುವ ಬುದ್ಧಿ ಮೂಡುವ ವಯಸ್ಸು, ಎಂದರೆ ಸುಮಾರು ಏಳು ವರ್ಷ, ಇದಕ್ಕೆ ಸಾಕೆಂದು ನಿರ್ಣಯಿಸಿದರು. ಪೂಜೆಯ ರೊಟ್ಟಿಯನ್ನು ಸಾಧಾರಣ ರೊಟ್ಟಿಯಿಂದ ಬೇರ್ಪಡಿಸಿ ತಿಳಿಯಬಲ್ಲ ಮಗುವನ್ನು ದೂರವಿಡಕೂಡದೆಂಬುದು ಅವರ ಅಭಿಪ್ರಾಯ. ಅಲ್ಲಿಂದ ಮುಂದೆ ಈ ಸಂಸ್ಕಾರಕ್ಕೆ ಮಗುವನ್ನು ಅಣಿಮಾಡುವ ಹೊಣೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯರ ಮೇಲೂ ಬಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜೆಯಲ್ಲಿ ದೇಶಭಾಷೆಗಳನ್ನು ಬಳಸಲು ಅನುಮತಿ ಕೊಟ್ಟಿತು. ಅಂದಿನಿಂದ, ಅರ್ಥ ತಿಳಿಯದ ಲ್ಯಾಟಿನ್ ಮಾತುಗಳಿಗೆ ಉತ್ತರ ಕೊಡುತ್ತಿದ್ದ ಮಗು ಕ್ರಮೇಣ ತನ್ನ ತಾಯಿಯ ಮಾತಿನಲ್ಲಿಯೇ ದೇವರೊಡನೆ ಮಾತನಾಡುವಂತಾಯಿತು. ಕನ್ನಡದ ಶ್ರೋತೃಗಳಿಗೆ ಇದರ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ದೃಢೀಕರಣಕ್ಕೆ ಸಾಮಾನ್ಯವಾಗಿ ಧರ್ಮಾಧ್ಯಕ್ಷರೇ ಬರುವರು. ಮಗುವಿನ ಹಣೆಗೆ ಪರಿಮಳತೈಲದಿಂದ ಶಿಲುಬೆಯ ಗುರುತನ್ನು ಹಾಕುವರು. ಪೂರ್ವದಲ್ಲಿ ಈ ತೈಲವು ಓಲಿವ್ ಕಾಯಿಯದೇ ಆಗಿರಬೇಕಾಗಿತ್ತು. 1983ರ ಧರ್ಮಶಾಸನವು ಓಲಿವ್ ಅಥವಾ ಬೇರೆ ಸಸ್ಯಗಳಿಂದ ತೆಗೆದ ಎಣ್ಣೆಯೂ ಆಗಬಹುದೆಂದು ಹೇಳುತ್ತದೆ. ಹಾಗಾದಮೇಲೆ ತೆಂಗಿನ ಎಣ್ಣೆಗೂ ಶಾಸನದ ಅಡ್ಡಿಯಿಲ್ಲವೆಂದು ಈ ಸೀಮೆಯವರು ಸಂತೋಷಪಡಬಹುದು.

ಮೆಟ್ಟಿಲುಗಳು ಕೆಲವರವು, ವರ್ಷದ ಹಬ್ಬಗಳು ಮಾತ್ರ ಇಡೀ ಶಾಲೆಯ ಕಣ್ಣಮುಂದೆ ನಡೆಯುವುವು. ಪಂಚಾಂಗವೇ ಇದಕ್ಕೆ ಸಹಾಯ ಮಾಡಿದಂತಿದೆ. ಆಗಸ್ಟ್ 15ರಂದು ಕಥೋಲಿಕರಿಗೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ. 1947ರಿಂದ ಅದೇ ದಿನ ಇಡೀ ದೇಶಕ್ಕೆ ಸ್ವಾತಂತ್ರ್ಯದ ಹಬ್ಬ. ನವೆಂಬರ್ 1 ಸಕಲ ಸಂತರ ಹಬ್ಬ; 1956ರಿಂದ ಅದೇ ದಿನ ನಮ್ಮ ರಾಜ್ಯೋತ್ಸವ. ಆ ದಿನಗಳಲ್ಲಿ ಕಥೋಲಿಕ ಮಗು ಬೆಳಿಗ್ಗೆ ಗುಡಿಯ ಪೂಜೆಗೂ ಶಾಲೆಯ ಧ್ವಜವಂದನೆಗೂ ಹೋಗಿ ಬರುವುದು; ದೇವರಿಗೆ ಒಂದು ದಿನ, ನಾಡಿಗೆ ಒಂದು ದಿನ ಎಂದು ಹಂಚಬೇಕಾದ ಅಗತ್ಯವೇ ಬೀಳದು. ಡಿಸೆಂಬರಿನಲ್ಲಿ ಗೋದಲಿಯನ್ನು ಕಟ್ಟುವರು. ಹುಲ್ಲು ಹೊಂದಿಸುವ, ಮಣ್ಣಿನ ಕುರಿದನಗಳನ್ನು ಇಡುವ ಕೆಲಸಕ್ಕೆ ಯಾವ ಮಗುವೂ ಹಿಂದೆಗೆಯದು. ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಕಥೆ ದನಕರುಗಳ ನಡುವೆ ಬೆಳೆದ ಹಳ್ಳಿಯ ಮಕ್ಕಳಿಗೆ ದೂರದ ಕಥೆಯಾಗಿ ತೋರದು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿಯುವುದು ತಪಸ್ಸುಕಾಲ. ಅದು ಮೊದಲಾಗುವುದು ವಿಭೂತಿ ಬುಧವಾರದಂದು. ನೀನು ಮಣ್ಣು, ಮರಳಿ ಮಣ್ಣಾಗುವೆ ಎಂಬ ಅರ್ಥದ ಮಾತನ್ನು ಹೇಳಿ ಗುರುಗಳು ಭಕ್ತರ ಹಣೆಗೆ ಬೂದಿಯನ್ನು ಹಚ್ಚುವರು. ದಿನವೂ ಮೂರು ಬೆರಳಿನ ವಿಭೂತಿ ಧರಿಸಿ ಬರುವ ಮಕ್ಕಳಿರುವ ತರಗತಿಯಲ್ಲಿ ಆ ಒಂದು ದಿನ ಕಥೋಲಿಕ ಮಗುವಿನ ಹಣೆಯ ಮೇಲೆಯೂ ಬೂದಿಯ ಗುರುತು ಕಾಣುವುದು. ಆ ಬೂದಿ ಎಲ್ಲಿಂದ ಬಂದಿತು? ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿ ಮನೆಗೆ ಕೊಂಡೊಯ್ದಿದ್ದ ಗರಿಗಳನ್ನು ಮರಳಿ ತಂದು ಸುಟ್ಟದ್ದೇ ಆ ಬೂದಿ. ಯೇಸುಸ್ವಾಮಿಯು ಜೆರುಸಲೇಮನ್ನು ಪ್ರವೇಶಿಸಿದಾಗ ಅಲ್ಲಿಯ ಜನರು ಹಿಡಿದದ್ದು ಖರ್ಜೂರದ ಗರಿ; ನಮ್ಮ ನಾಡಿನಲ್ಲಿ ಅದರ ಸ್ಥಾನಕ್ಕೆ ಬಂದುದು ತೆಂಗಿನ ಗರಿ. ಮದುವೆಗೆ ಚಪ್ಪರ ಹಾಕಿದ, ದೇವರ ಉತ್ಸವಕ್ಕೆ ತೋರಣವಾದ ಆ ಗರಿಯೇ ಗುಡಿಯ ಬಾಗಿಲಲ್ಲಿ ಮಕ್ಕಳ ಕೈಗೂ ಬಂದಿತು. ಗರಿಯನ್ನು ಕೊಟ್ಟ ತೋಟದವನು ಯಾವ ದೇವರ ಒಕ್ಕಲಾದರೂ ಆಗಿರಬಹುದು; ತೆಂಗಿನ ಮರಕ್ಕಂತೂ ಆ ವಿಚಾರವಿಲ್ಲ.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಮಾತು ಬರಿಯ ಸಂತೋಷದ ಮಾತಾದೀತು. ಕಷ್ಟವೂ ಇದೆ. ಪ್ರಥಮ ಪರಮಪ್ರಸಾದದ ಮರುದಿನ ತರಗತಿಯಲ್ಲಿ ಏನು ನಡೆಯಬಹುದೆಂದು ಊಹಿಸಿಕೊಳ್ಳೋಣ. ಒಂದು ಮಗು ಬಿಳಿಯ ಉಡುಪಿನಲ್ಲಿ ಮೇಣದಬತ್ತಿ ಹಿಡಿದು ನಿಂತ ಚಿತ್ರವನ್ನು ಗೆಳತಿಗೆ ತೋರಿಸುವುದು. ಗೆಳತಿ ಉಪಾಧ್ಯಾಯಿನಿಯ ಬಳಿಗೆ ಬಂದು, "ಅಕ್ಕಾವ್ರೇ, ನನಗೆ ಯಾವಾಗ?" ಎಂದು ಕೇಳುವಳು. ಈ ಎರಡು ಮಾತಿನ ಪ್ರಶ್ನೆಯಲ್ಲಿ ಶಾಲೆಯ ಪರೀಕ್ಷೆಯೆಲ್ಲವೂ ಅಡಗಿದೆ. ನಿನಗೂ ಆಗಲಿ ಎಂದರೆ ಆ ಮಗುವಿನ ಮನೆಯವರಿಗೆ ದ್ರೋಹ. ಅದು ನಿನಗಲ್ಲ, ಹೋಗು ಎಂದರೆ ಎಳೆಯ ಮನಸ್ಸಿಗೆ ಗಾಯ. ನಿಮ್ಮ ಮನೆಯಲ್ಲಿ ನಿನಗೆ ಏನೇನು ಶಾಸ್ತ್ರ ಮಾಡಿದ್ದಾರೆ, ಅಜ್ಜಿಯನ್ನು ಕೇಳಿಕೊಂಡು ಬಾ, ನಾಳೆ ನಮಗೆಲ್ಲ ಹೇಳು ಎಂದರೆ, ಕೇಳಿದವಳಿಗೂ ಗೌರವ ಉಳಿಯಿತು, ಚಿತ್ರ ತೋರಿಸಿದವಳಿಗೂ ಉಳಿಯಿತು. ಇಂತಹ ಉತ್ತರವು ತಟ್ಟನೆ ಹೊಳೆಯತಕ್ಕದ್ದಲ್ಲ. ಉಪಾಧ್ಯಾಯರ ಶಿಕ್ಷಣದಲ್ಲಿಯೇ ಅದಕ್ಕೆ ಸ್ಥಳವಿರಬೇಕು.

ಇನ್ನೊಂದು ಕಡೆ, ನಲವತ್ತು ಮಂದಿಯಲ್ಲಿ ಒಬ್ಬನೇ ಆದ ಕಥೋಲಿಕ ಹುಡುಗನ ಪಾಡನ್ನೂ ನೆನೆಯಬೇಕು. ತನ್ನ ಹಣೆಯ ಬೂದಿಯನ್ನು ನೋಡಿ ಯಾರು ನಗುವರೋ ಎಂದು ಅವನು ತೋಳಿನಿಂದ ಒರೆಸಿಕೊಂಡರೆ ಅದು ಅವನ ತಪ್ಪಲ್ಲ. ಅದರ ಅರ್ಥವನ್ನು ಮಿಕ್ಕವರಿಗೆ ತಿಳಿಸದ ಹಿರಿಯರ ತಪ್ಪು. ತಿಳಿಯದ ಕಡೆ ನಗು ಹುಟ್ಟುವುದು. ಬೆಳೆದವರಲ್ಲಿ ಅದೇ ನಗು ಸಂಶಯವಾಗುವುದು. ನೆರೆಯವರ ಆಚಾರದ ಅರ್ಥವನ್ನು ಎಂಟು ವರ್ಷಕ್ಕೆ ಕೇಳಿ ತಿಳಿದವನು ಮೂವತ್ತನೆಯ ವರ್ಷದಲ್ಲಿ ಗಾಳಿಮಾತಿಗೆ ಸುಲಭವಾಗಿ ಸಿಕ್ಕಲಾರನು.

ಆದಕಾರಣ ನಾವು ಮೂರು ಸಂಗತಿಗಳನ್ನು ವಿನಯದಿಂದ ಸೂಚಿಸುತ್ತೇವೆ. ಮೊದಲನೆಯದು, ಶಾಲೆ ತನ್ನ ಧರ್ಮವನ್ನು ಮರೆಮಾಡಲೂ ಬಾರದು, ಹೇರಲೂ ಬಾರದು. ಏನು ನಡೆಯುವುದೆಂಬುದನ್ನು ತಂದೆತಾಯಿಗಳಿಗೆ ಮುಂಚಿತವಾಗಿ ತಿಳಿಸಿದರೆ ಅರ್ಧ ಸಂಶಯ ಅಲ್ಲಿಯೇ ಕರಗುವುದು. ಎರಡನೆಯದು, ಗೋದಲಿಗೆ ಎಲ್ಲ ಮಕ್ಕಳ ಕೈ ಸೇರಿದಂತೆ ಸಂಕ್ರಾಂತಿಯ ಎಳ್ಳಿಗೂ ಯುಗಾದಿಯ ಬೇವಿಗೂ ರಂಜಾನಿನ ಉಪವಾಸಕ್ಕೂ ಶಾಲೆಯ ಮಾತಿನಲ್ಲಿ ಎಡೆ ದೊರೆಯಬೇಕು. ಕೊಡುವುದು ಮಾತ್ರ ಗೊತ್ತಿದ್ದು ಪಡೆಯುವುದು ಗೊತ್ತಿಲ್ಲದ ಸ್ನೇಹ ಬಹಳ ದಿನ ಬಾಳದು. ಮೂರನೆಯದು, ಆಡಂಬರವನ್ನು ತಗ್ಗಿಸಬೇಕು. ಪ್ರಥಮ ಪರಮಪ್ರಸಾದಕ್ಕೆ ಬೆಲೆಬಾಳುವ ಉಡುಪು, ಔತಣ, ಚಿತ್ರ ಎಂದು ವೆಚ್ಚ ಬೆಳೆದರೆ, ಮಳೆ ಕೈಕೊಟ್ಟ ಅಥವಾ ಕೊಬ್ಬರಿಯ ಧಾರಣೆ ಬಿದ್ದ ವರ್ಷದಲ್ಲಿ ಕೂಲಿಯವನು ಸಾಲ ಮಾಡಬೇಕಾದೀತು. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸಾದಾ ಬಿಳಿಯ ಬಟ್ಟೆ ಸಾಕು. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಸಂಸ್ಕಾರದಲ್ಲಿ ಬಡವ ಬಲ್ಲಿದರ ಪಂಕ್ತಿಭೇದ ಕಾಣಿಸುವುದು ಆ ಸಂಸ್ಕಾರಕ್ಕೇ ವಿರೋಧ.

ಇಷ್ಟು ಮಾಡಿದರೆ ಫಲ ಇಂದೇ ಕಾಣುವುದೆ? ಕಾಣದು. ಸಂಸ್ಕಾರವನ್ನು ಪಡೆದ ಮಗುವಿನಲ್ಲಿ ಶ್ರದ್ಧೆ ಊರಿತೋ ಇಲ್ಲವೋ, ಪಕ್ಕದಲ್ಲಿ ಕುಳಿತಿದ್ದ ಮಗುವಿನಲ್ಲಿ ಸೌಹಾರ್ದ ಬೇರೂರಿತೋ ಇಲ್ಲವೋ, ಶಾಲೆಯ ದಿನಗಳಲ್ಲಿ ಯಾರೂ ಹೇಳಲಾರರು. ತೆಂಗಿನ ಸೀಮೆಯವರಿಗೆ ಈ ಕಾಯುವಿಕೆ ಹೊಸದಲ್ಲ. ಅವರು ಕಾಯನ್ನು ಅಟ್ಟಕ್ಕೆ ಹಾಕಿ, ದಿನವೂ ಇಳಿಸಿ ಒಡೆದು ನೋಡದೆ, ಕಾಲಕ್ಕೆ ಅದನ್ನು ಒಪ್ಪಿಸಬಲ್ಲರು. ಶಾಲೆಯೂ ಹಾಗೆಯೇ ಕಾಯಲಿ. ಇಂದು ಒಂದೇ ಮಣೆಯ ಮೇಲೆ ಕುಳಿತ ಈ ಮಕ್ಕಳು ಬೆಳೆದು ದೊಡ್ಡವರಾಗಿ, ಒಬ್ಬರ ಮನೆಯ ಶುಭಕ್ಕೂ ಅಶುಭಕ್ಕೂ ಇನ್ನೊಬ್ಬರು ಕರೆಯದೆಯೇ ಬಂದು ನಿಂತರೆ, ಅಂದು ಕೊಬ್ಬರಿ ಆಯಿತೆಂದು ತಿಳಿಯೋಣ.